ಒಂದೇ ಗುಹೆಯ ಎರಡು ಸಾಕ್ಷಿ: ಬರಗಾಲದ ಗೋಡೆಬರಹ ಮತ್ತು ಸ್ಟ್ಯಾಲಗ್ಮೈಟಿನ ಕಾಲನಿರ್ಣಯ

ಚೀನಾದ ಶಾನ್‌ಶಿ ಪ್ರಾಂತ್ಯದ ಚಿನ್‌ಲಿಂಗ್ ಪರ್ವತ ಪ್ರದೇಶದಲ್ಲಿ ದಾಯು ಎಂಬ ಸುಣ್ಣಕಲ್ಲಿನ ಗುಹೆ ಇದೆ. ಅದರ ಗೋಡೆಗಳ ಮೇಲೆ ಸುಮಾರು 70 ಬರಹಗಳಿವೆ. ಕಾಲ ಸುಮಾರು ಕ್ರಿ.ಶ. 1520ರಿಂದ 1920ರವರೆಗೆ, ಅಂದ್ರೆ ಮಿಂಗ್ ಮತ್ತು ಚಿಂಗ್ ಅರಸರ ಕಾಲದಿಂದ ಗಣರಾಜ್ಯದ ಮೊದಲ ವರ್ಷಗಳ ತನಕ. ಬರೆದವರು ದೊಡ್ಡ ಕವಿಗಳೂ ಅಲ್ಲ, ರಾಜರೂ ಅಲ್ಲ. ಸುತ್ತಲಿನ ಊರಿನ ಜನ. ಮಳೆ ಹೋದಾಗ ಗುಹೆಯೊಳಗಿನ ನೀರಿಗಾಗಿ ಬಂದವರು, ಮಳೆಗಾಗಿ ಪ್ರಾರ್ಥಿಸಿದವರು, ಬಂದದ್ದನ್ನು ಗೋಡೆಯ ಮೇಲೆ ಬರೆದು ಹೋದವರು. ಚಿಂಗ್ ಅರಸ ಗುವಾಂಗ್‌ಶುವಿನ 17ನೆಯ ಆಳ್ವಿಕೆ ವರ್ಷದ (ಕ್ರಿ.ಶ. 1891) ಒಂದು ಬರಹದಲ್ಲಿ, ಸ್ಥಳೀಯ ಅಧಿಕಾರಿಯೊಬ್ಬ ಇನ್ನೂರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ನೀರು ತರಲು ಬಂದ ವಿಷಯವಿದೆ. ಜೊತೆಗೆ ಬಂದ ಜೋಯಿಸನೊಬ್ಬ ಮಳೆಗಾಗಿ ಪೂಜೆ ಮಾಡಿದನಂತೆ. ಅವನ ಹೆಸರೂ ಇದೆ, ತೇದಿಯೂ ಇದೆ.

ನಮ್ಮ ಶಾಸನಗಳನ್ನು ಓದಿದವರಿಗೆ ಇದು ಪರಿಚಿತ ಜಾತಿಯ ಬರಹವೇ. ಆಳುವವನ ಹೆಸರು, ಆಳ್ವಿಕೆಯ ವರ್ಷ, ಬಂದವರು ಯಾರು, ಮಾಡಿದ್ದೇನು. ದಾಯು ಗುಹೆಯ ವಿಶೇಷ ಬೇರೆ ಇದೆ. ಗೋಡೆ ಬರಹವನ್ನು ಹೊತ್ತಿದ್ದರೆ, ಅದೇ ಗುಹೆಯ ನೆಲದಲ್ಲಿ ಹನಿ ಹನಿಯಾಗಿ ಬೆಳೆದ ಸ್ಟ್ಯಾಲಗ್ಮೈಟ್ ಅದೇ ವರ್ಷಗಳ ಮಳೆಯ ಗುರುತನ್ನು ತನ್ನ ಪದರಗಳಲ್ಲಿ ಇಟ್ಟುಕೊಂಡಿದೆ. ಲಿಯಾಂಗ್‌ಚೆಂಗ್ ಟಾನ್ ಮತ್ತು ಸಂಗಡಿಗರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ 2015ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು.

ಈ ಬರಹದ ಉದ್ದೇಶ ಸ್ಟ್ಯಾಲಗ್ಮೈಟಿಗೆ ಕಾಲ ಹೇಳುವುದು ಹೇಗೆ ಎಂದು ಶಾಸನಾಸಕ್ತರಿಗೆ ಅರ್ಥವಾಗುವಂತೆ ವಿವರಿಸುವುದು. ಅದರ ಹಿಂದೆ ನನ್ನದೇ ಒಂದು ತಪ್ಪಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಕೆರೆ ಏರಿಯ ಮೇಲೆ ಅರ್ಧ ಹೂತಿದ್ದ ಶಾಸನ ಸಿಕ್ಕಿತು. ತೇದಿಯ ಸಾಲು ಒಡೆದು ಹೋಗಿತ್ತು. ಅಕ್ಷರ ನೋಡಿದರೆ ಸುಮಾರು 14ನೆಯ ಶತಮಾನ ಅನ್ನಿಸಿತು. ಕೆರೆಯ ಕೆಲಸಕ್ಕೆ ದತ್ತಿ ಬಿಟ್ಟ ವಿಷಯ. ಆಗಷ್ಟೇ ನಾನು ಛತ್ತೀಸಗಢದ ದಂಡಕ್ ಗುಹೆಯ ಸ್ಟ್ಯಾಲಗ್ಮೈಟಿನ ಮಳೆ ಗ್ರಾಫ್ ನೋಡಿದ್ದೆ. 14ನೆಯ ಶತಮಾನದಲ್ಲೂ 15ರಲ್ಲೂ ಮುಂಗಾರು ಮತ್ತೆ ಮತ್ತೆ ಕೈಕೊಟ್ಟದ್ದು ಅದರಲ್ಲಿ ಕಾಣುತ್ತದೆ. ದಖ್ಖನ್ನಿನಲ್ಲಿ ಆ ಶತಮಾನದ ಕೊನೆಗೆ ಶುರುವಾದ ದುರ್ಗಾದೇವಿ ಬರ ಎಲ್ಲರಿಗೂ ಗೊತ್ತಿರುವುದೇ. ಇನ್ನೇನು! ಶಾಸನಕ್ಕೆ 'ಸು. 1400' ಅಂತ ಹಾಕಿ, ಪಕ್ಕದಲ್ಲಿ ಗ್ರಾಫ್ ಅಂಟಿಸಿ, 'ಬರಗಾಲಕ್ಕೆ ಊರವರ ಉತ್ತರ' ಎಂದು ಟಿಪ್ಪಣಿ ಬರೆದು ಹಿರಿಯರೊಬ್ಬರಿಗೆ ಕಳಿಸಿದೆ.

ಅವರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಪ್ಪಾ, ಈ ಕಲ್ಲಿಗೆ 1400 ಅಂತ ಹೇಳಿದ್ದು ಅಕ್ಷರವೋ, ನಿನ್ನ ಗ್ರಾಫೋ?"

ಉತ್ತರ ಇರಲಿಲ್ಲ. ಅಕ್ಷರ ಹೇಳಿದ್ದು 1300ರಿಂದ 1400ರೊಳಗೆ ಎಲ್ಲೋ ಒಂದು ಕಡೆ ಅಂತ. ಅದನ್ನು 1400ಕ್ಕೆ ತಳ್ಳಿದ್ದು ಗ್ರಾಫ್. ಆಮೇಲೆ ಅದೇ ಶಾಸನವನ್ನು ಗ್ರಾಫಿಗೆ ಪುರಾವೆ ಅಂತ ಬಳಸಿದ್ದು ನಾನು. ಮುಂದೆ ಒಂದು ಸಂಜೆ ಓರೆ ಬೆಳಕಿನಲ್ಲಿ ಮತ್ತೆ ಓದಿದಾಗ, ನಾನು ಬಿಟ್ಟಿದ್ದ ಜಾಗದಲ್ಲಿ ಕೆರೆ ಒಡೆದಿತ್ತು ಎಂಬ ಅರ್ಥದ ಪದವೇ ಕಂಡಿತು. ಅಂದ್ರೆ ಅಲ್ಲಿ ಆಗಿದ್ದು ನೀರು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಟಿಪ್ಪಣಿ ಪ್ರಕಟವಾಗದೆ ಉಳಿದದ್ದು ಪುಣ್ಯ.

ಆ ಹಿರಿಯರ ಪ್ರಶ್ನೆಯನ್ನೇ ಇಟ್ಟುಕೊಂಡು ದಾಯು ಗುಹೆಯನ್ನು ನೋಡೋಣ. ಅದಕ್ಕೆ ಮೊದಲು ಸ್ಟ್ಯಾಲಗ್ಮೈಟ್ ಹುಟ್ಟುವ ಬಗೆ ಗೊತ್ತಿರಬೇಕು.

ಹನಿಯಿಂದ ಕಲ್ಲು

ಮಳೆನೀರು ಮಣ್ಣಿನಲ್ಲಿ ಇಳಿಯುವಾಗ, ಬೇರು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ, ಸೋಡಾ ನೀರಿನ ಹಾಗೆ. ಆ ನೀರು ಕೆಳಗಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸಿಕೊಳ್ಳುತ್ತದೆ. ಗುಹೆಯ ಚಾವಣಿಗೆ ಬಂದು ತೊಟ್ಟಿಕ್ಕುವಾಗ, ಗುಹೆಯ ಗಾಳಿಯಲ್ಲಿ ಡೈಆಕ್ಸೈಡ್ ಕಡಿಮೆ ಇರುವುದರಿಂದ, ಸೋಡಾ ಬಾಟಲಿ ತೆರೆದಂತೆ ಅನಿಲ ಹೊರಹೋಗುತ್ತದೆ. ಕರಗಿದ್ದ ಸುಣ್ಣ ಇನ್ನು ಕರಗಿರಲಾರದೆ ಕ್ಯಾಲ್ಸೈಟ್ ಹರಳಾಗಿ ಕೂರುತ್ತದೆ. ಚಾವಣಿಯಿಂದ ಜೋತು ಬಿದ್ದದ್ದು ಸ್ಟ್ಯಾಲಕ್ಟೈಟ್, ನೆಲದಿಂದ ಮೇಲಕ್ಕೆ ಎದ್ದದ್ದು ಸ್ಟ್ಯಾಲಗ್ಮೈಟ್. ನಮ್ಮ ಕಡೆ ದಾಂಡೇಲಿ ಹತ್ತಿರದ ಕವಳಾ ಗುಹೆಯಲ್ಲಿ ಶಿವಲಿಂಗವೆಂದು ಪೂಜೆಗೊಳ್ಳುವುದು ಇಂಥದ್ದೇ.

ಬೆಳವಣಿಗೆ ಬಹಳ ನಿಧಾನ. ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಂದರೂ ಒಳ್ಳೆಯ ವೇಗವೇ. ಕೆಲವು ಕಡೆ ಅದಕ್ಕಿಂತ ಹೆಚ್ಚು, ಅನೇಕ ಕಡೆ ಅದಕ್ಕಿಂತ ಕಡಿಮೆ. ಹೊಸ ಪದರ ಯಾವಾಗಲೂ ಹಳೆಯದರ ಮೇಲೆ ಕೂರುವುದರಿಂದ, ಉದ್ದಕ್ಕೆ ಸೀಳಿ ನಯ ಮಾಡಿದರೆ ತುದಿಯಿಂದ ಬುಡಕ್ಕೆ ಕಾಲ ಹಿಂದಕ್ಕೆ ಹೋಗುತ್ತದೆ. ಇಲ್ಲಿ ಕ್ರಮ ಇದೆ, ಆದರೆ ತೇದಿ ಇಲ್ಲ. ಒಂದೇ ಗೋಡೆಯ ಮೇಲೆ ಒಂದರ ಮೇಲೊಂದು ಕೆತ್ತಿದ ಶಾಸನಗಳಲ್ಲಿ ಯಾವುದು ಮೊದಲು ಅಂತ ಗೊತ್ತು, ವರ್ಷ ಗೊತ್ತಿಲ್ಲ ಅನ್ನುವಂಥ ಪರಿಸ್ಥಿತಿ.

ಕಲ್ಲಿನೊಳಗಿನ ಗಡಿಯಾರ

ತೇದಿ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಕಾರ್ಬನ್-14. ಇಲ್ಲಿ ಅದನ್ನು ನೇರವಾಗಿ ನಂಬುವಂತಿಲ್ಲ. ಸ್ಟ್ಯಾಲಗ್ಮೈಟಿನಲ್ಲಿರುವ ಇಂಗಾಲದ ಒಂದು ಪಾಲು ಕೋಟ್ಯಂತರ ವರ್ಷ ಹಳೆಯ ಸುಣ್ಣಕಲ್ಲಿನಿಂದ ಬಂದದ್ದು. ಅದರಲ್ಲಿ ಕಾರ್ಬನ್-14 ಎಂದೋ ಮುಗಿದುಹೋಗಿರುತ್ತದೆ. ಹೀಗಾಗಿ ಕಲ್ಲು ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಮುಖ್ಯವಾಗಿ ಬಳಸುವುದು ಯುರೇನಿಯಂ-ಥೋರಿಯಂ ವಿಧಾನ.

ಇದರ ಮೂಲ ಉಪಾಯ ಸರಳ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಹೆಚ್ಚುಕಡಿಮೆ ಕರಗುವುದಿಲ್ಲ. ಆದ್ದರಿಂದ ಹನಿಯ ಜೊತೆ ಲೇಶಮಾತ್ರ ಯುರೇನಿಯಂ ಬಂದು ಹರಳಿನೊಳಗೆ ಸೇರುತ್ತದೆ, ಥೋರಿಯಂ ಬರುವುದಿಲ್ಲ. ಪದರ ಕೂತ ದಿನ ಥೋರಿಯಂ ಸೊನ್ನೆ. ಅಂದಿನಿಂದ ಗಡಿಯಾರ ಶುರು. ಯುರೇನಿಯಂ-238 ಕೆಲವು ಹಂತ ದಾಟಿ ಯುರೇನಿಯಂ-234 ಆಗುತ್ತದೆ, ಅದು ಥೋರಿಯಂ-230 ಆಗುತ್ತದೆ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ಯುರೇನಿಯಂ-234ರದು ಸುಮಾರು 2,45,000 ವರ್ಷ, ಥೋರಿಯಂ-230ರದು ಸುಮಾರು 75,600 ವರ್ಷ. ಇವತ್ತು ಆ ಪದರದ ಪುಡಿ ತೆಗೆದು, ಎಷ್ಟು ಯುರೇನಿಯಂಗೆ ಎಷ್ಟು ಥೋರಿಯಂ-230 ಹುಟ್ಟಿದೆ ಎಂದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದರೆ ವಯಸ್ಸು ಸಿಗುತ್ತದೆ. ಸುಮಾರು 6 ಲಕ್ಷ ವರ್ಷ ದಾಟಿದ ಮೇಲೆ ಹುಟ್ಟುವ ಥೋರಿಯಂ ಮತ್ತು ಕ್ಷಯಿಸುವ ಥೋರಿಯಂ ಸರಿಸಮವಾಗಿ, ಗಡಿಯಾರ ನಿಂತಂತೆ ಆಗುತ್ತದೆ.

ನಮಗೆ ಬೇಕಾದ ಕಾಲ ಲಕ್ಷ ವರ್ಷದ್ದಲ್ಲ, ಐನೂರು, ಸಾವಿರ ವರ್ಷದ್ದು. ಕಷ್ಟ ಇರುವುದು ಅಲ್ಲೇ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: 500 ವರ್ಷ ಹಳೆಯ ಪದರದಲ್ಲಿ ಥೋರಿಯಂ-230 ತಾನು ಕಟ್ಟಕಡೆಗೆ ತಲುಪುವ ಮಟ್ಟದ ಶೇಕಡಾ 0.5ರಷ್ಟೂ ಆಗಿರುವುದಿಲ್ಲ. ಇಷ್ಟು ಕಡಿಮೆ ಇರುವಾಗ ಹೊರಗಿನಿಂದ ಚೂರು ಥೋರಿಯಂ ಸೇರಿದರೂ ವಯಸ್ಸು ಕೆಡುತ್ತದೆ. ಸೇರುವುದು ಹೇಗೆ? ಹನಿಯ ಜೊತೆ ಜೇಡಿಮಣ್ಣಿನ ಕಣ ಬಂದರೆ ಸಾಕು. ಆ ಕಣದಲ್ಲಿ ಮೊದಲೇ ಥೋರಿಯಂ ಇರುತ್ತದೆ. ಗಡಿಯಾರ ಸೊನ್ನೆಯಿಂದ ಶುರುವಾಗುವ ಬದಲು ಮುಂದಿನಿಂದ ಶುರುವಾಗುತ್ತದೆ, ಕಲ್ಲು ತನ್ನ ವಯಸ್ಸನ್ನು ಹೆಚ್ಚಾಗಿ ಹೇಳುತ್ತದೆ.

ಇದನ್ನು ಹಿಡಿಯಲು ಒಬ್ಬ ಪತ್ತೆದಾರ ಇದ್ದಾನೆ: ಥೋರಿಯಂ-232. ಇದು ಯುರೇನಿಯಂ ಕ್ಷಯಿಸಿ ಹುಟ್ಟುವಂಥದ್ದಲ್ಲ, ಮಣ್ಣಿನ ಜೊತೆಗೇ ಬರಬೇಕು. ಅದು ಕಂಡರೆ ಕಲಬೆರಕೆ ಆಗಿದೆ ಎಂದರ್ಥ. ಎಷ್ಟು ಕಂಡಿತು ಎಂಬುದರಿಂದ ಎಷ್ಟು ಕಳೆಯಬೇಕು ಎಂದು ಅಂದಾಜು ಮಾಡುತ್ತಾರೆ. ಆ ಅಂದಾಜಿಗೂ ತನ್ನದೇ ದೋಷದ ಮಿತಿ ಇದೆ. ಆದ್ದರಿಂದ ಮಣ್ಣು ಸೇರಿದ ಕಲ್ಲಿನ ತೇದಿಗೆ ± ಅಂಕಿ ದೊಡ್ಡದು, ಶುಭ್ರವಾದ ಕಲ್ಲಿನದಕ್ಕೆ ಚಿಕ್ಕದು. ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಅಳತೆ ಬರೆದು ಟಾಲರೆನ್ಸ್ ಬರೆಯದಿದ್ದರೆ ವರ್ಕ್‌ಶಾಪಿನವರು ವಾಪಸ್ ಕಳಿಸ್ತಾರೆ. ಇಲ್ಲೂ ಹಾಗೇ. ± ಇಲ್ಲದ ತೇದಿಯನ್ನು ಒಪ್ಪಬಾರದು.

ಸೊನ್ನೆ ಎಲ್ಲಿಂದ?

ಶಾಸನ ಓದುವವರಿಗೆ ತಕ್ಷಣ ಅರ್ಥವಾಗುವ ಇನ್ನೊಂದು ಎಡವಟ್ಟಿದೆ. ಶಕವರ್ಷ ಕೊಟ್ಟಾಗ ಅದು ಗತವೋ ವರ್ತಮಾನವೋ ಎಂದು ನಾವು ನೋಡುತ್ತೇವೆ. ತಪ್ಪಿದರೆ ಒಂದು ವರ್ಷ ವ್ಯತ್ಯಾಸ. ಸಂವತ್ಸರದ ಹೆಸರು, ತಿಥಿ, ವಾರ ಹೊಂದಿಸಿ ಪರೀಕ್ಷಿಸುತ್ತೇವೆ. ಗುಹೆಯವರ ಲೇಖನಗಳಲ್ಲಿ ವಯಸ್ಸನ್ನು 'ಇಂದಿಗೆ ಇಷ್ಟು ವರ್ಷ ಹಿಂದೆ' ಎಂದು ಕೊಡುವ ರೂಢಿ. ಆ 'ಇಂದು' ಯಾವುದು? ಕಾರ್ಬನ್ ವಿಧಾನದವರಿಗೆ ಅದು 1950. ಯುರೇನಿಯಂ-ಥೋರಿಯಂನವರು ಕೆಲವರು 1950 ಹಿಡಿಯುತ್ತಾರೆ, ಕೆಲವರು 2000, ಇನ್ನು ಕೆಲವರು ಅಳತೆ ಮಾಡಿದ ವರ್ಷವನ್ನೇ. ನೋಡದೆ ಕಳೆದರೆ 50 ವರ್ಷ ಆಚೀಚೆ. ಶಾಸನದ ತೇದಿಯನ್ನು ದಿನದ ಮಟ್ಟಕ್ಕೆ ಸರಿಪಡಿಸಿ, ಪಕ್ಕದ ಗ್ರಾಫನ್ನು ಅರ್ಧ ಶತಮಾನ ತಪ್ಪಾಗಿ ಇಟ್ಟರೆ ಪಂಚಾಂಗದ ಶ್ರಮವೆಲ್ಲ ನೀರಿನಲ್ಲಿ ಹೋಮ.

ತೇದಿಗಳ ನಡುವಿನ ಜಾಗ

ಪ್ರತಿ ಪದರಕ್ಕೂ ಯುರೇನಿಯಂ ತೇದಿ ಮಾಡಿಸಲು ಆಗುವುದಿಲ್ಲ. ಖರ್ಚು, ಕಾಲ, ಪುಡಿ ಎಲ್ಲವೂ ಬೇಕು. ಒಂದು ಕಲ್ಲಿನಲ್ಲಿ ಹತ್ತೋ ಇಪ್ಪತ್ತೋ ಕಡೆ ತೇದಿ ಮಾಡುತ್ತಾರೆ. ಅವುಗಳ ನಡುವಿನ ಪದರಗಳಿಗೆ ಬೆಳವಣಿಗೆಯ ವೇಗ ಲೆಕ್ಕ ಹಾಕಿ ಕಾಲ ಹಂಚುತ್ತಾರೆ. ನಾವು ಲಿಪಿಯಿಂದ ಕಾಲ ಹೇಳುವುದೂ ಇದೇ ಅಲ್ವಾ? ತೇದಿಯುಳ್ಳ ಶಾಸನಗಳನ್ನು ಗೂಟಗಳಂತೆ ನೆಟ್ಟು, ತೇದಿ ಇಲ್ಲದ ಶಾಸನದ ಅಕ್ಷರವನ್ನು ಅವುಗಳ ನಡುವೆ ಇಡುತ್ತೇವೆ. ಗೂಟದ ಹತ್ತಿರ ಇದ್ದರೆ ಧೈರ್ಯ ಜಾಸ್ತಿ, ಎರಡು ಗೂಟಗಳ ಮಧ್ಯೆ ದೂರದಲ್ಲಿದ್ದರೆ ಕಡಿಮೆ. ಹನಿ ನಿಂತು ಕೆಲಕಾಲ ಬೆಳವಣಿಗೆಯೇ ಆಗದೆ ಇದ್ದಿದ್ದರೆ ಇನ್ನೂ ಗೋಜಲು. ಕೆಲವು ಸ್ಟ್ಯಾಲಗ್ಮೈಟುಗಳಲ್ಲಿ ಮಾತ್ರ ಮರದ ಉಂಗುರದಂತೆ ವರ್ಷಕ್ಕೊಂದು ಪದರ ಸ್ಪಷ್ಟವಾಗಿ ಕಾಣುತ್ತದೆ. ಅಂಥವು ಸಿಕ್ಕರೆ ಎಣಿಸಬಹುದು.

ಮಳೆಯನ್ನು ಓದುವುದು

ಕಾಲ ಸಿಕ್ಕಿತು. ಮಳೆ ಎಷ್ಟು ಬಂತು ಎಂದು ಕಲ್ಲು ಹೇಳುವುದು ಹೇಗೆ? ನೀರಿನ ಆಕ್ಸಿಜನ್‌ನಲ್ಲಿ ಬಹುಪಾಲು ಹಗುರವಾದ ಆಕ್ಸಿಜನ್-16. ಸುಮಾರು ಐನೂರಕ್ಕೆ ಒಂದು ಪರಮಾಣು ಭಾರವಾದ ಆಕ್ಸಿಜನ್-18. ಮೋಡದಿಂದ ಮಳೆ ಬೀಳುವಾಗ ಭಾರವಾದದ್ದು ಮೊದಲು ಇಳಿಯುವ ಒಲವು ಇದೆ. ಮಳೆ ಜೋರಾಗಿ, ಬಹಳ ಹೊತ್ತು ಸುರಿದಷ್ಟೂ ಉಳಿದ ಆವಿ ಹಗುರವಾಗುತ್ತದೆ, ಮುಂದಿನ ಮಳೆಯೂ ಹಗುರ. ಆದ್ದರಿಂದ ಮುಂಗಾರು ಪ್ರದೇಶದಲ್ಲಿ ಸಾಮಾನ್ಯವಾಗಿ ಒಳ್ಳೆಯ ಮಳೆಯ ವರ್ಷದ ನೀರಿನಲ್ಲಿ ಆಕ್ಸಿಜನ್-18 ಕಡಿಮೆ, ಬರದ ವರ್ಷದಲ್ಲಿ ಹೆಚ್ಚು. ಆ ನೀರಿನಿಂದ ಹುಟ್ಟಿದ ಕ್ಯಾಲ್ಸೈಟಿನಲ್ಲೂ ಅದೇ ಗುರುತು ಉಳಿಯುತ್ತದೆ. ಕೂದಲೆಳೆ ದೂರದಲ್ಲಿ ಪುಡಿ ಕೆರೆದು ಅಳೆಯುತ್ತಾ ಹೋದರೆ ಏರಿಳಿತದ ಗೆರೆ ಸಿಗುತ್ತದೆ.

ಆದರೆ ಇದು ಮಳೆಮಾಪಕ ಅಲ್ಲ. ಆವಿ ಯಾವ ಸಮುದ್ರದಿಂದ ಬಂತು, ಎಷ್ಟು ದೂರ ಬಂತು, ಗುಹೆಯೊಳಗೆ ಎಷ್ಟು ಆರಿತು, ಉಷ್ಣಾಂಶ ಎಷ್ಟಿತ್ತು, ಇವೆಲ್ಲವೂ ಅದೇ ಅಂಕಿಯೊಳಗೆ ಕೈಯಾಡಿಸುತ್ತವೆ. ಮೇಲೆ ಬಿದ್ದ ಮಳೆ ಬಂಡೆಯೊಳಗೆ ಹಳೆಯ ನೀರಿನ ಜೊತೆ ಬೆರೆತು ತಡವಾಗಿ ಹನಿಯುವುದೂ ಉಂಟು. ಅದಕ್ಕೇ ಒಂದೇ ಗುಹೆಯ ಎರಡು ಕಲ್ಲುಗಳನ್ನು ಹೋಲಿಸುತ್ತಾರೆ, ಇಂಗಾಲದ ಐಸೋಟೋಪುಗಳನ್ನೂ ನೋಡುತ್ತಾರೆ. ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ: ಆಕ್ಸಿಜನ್-18 ಏರಿದ ಕಡೆಯಲ್ಲೆಲ್ಲ ನಿಜವಾಗಿ ಬರ ಬಂದಿತ್ತೇ? ಹೊರಗಿನ ಸಾಕ್ಷಿ ಬೇಕು. ದಾಯು ಗುಹೆಯ ಗೋಡೆ ಅಂಥ ಸಾಕ್ಷಿ.

ಎರಡು ಸಾಕ್ಷಿ, ಒಂದೇ ಜಾಗ

ದಾಯು ಬರಹಗಳಲ್ಲಿ ಏಳು ಬರಗಾಲಗಳ ಉಲ್ಲೇಖವಿದೆ: 1528, 1596, 1707, 1756, 1839, 1891, 1894. ಮೊದಲನೆಯದು ಮಿಂಗ್ ಅರಸ ಜಿಯಾಜಿಂಗ್‌ನ 7ನೆಯ ವರ್ಷದ್ದು. ಬರ ಬಿದ್ದಾಗ ಒಂದೇ ಮನೆತನದ ಹೆಸರಿನ ಇಬ್ಬರು ಗುಹೆಯೊಳಗಿನ ಡ್ರ್ಯಾಗನ್ ಸರೋವರಕ್ಕೆ ನಮಿಸಲು ಬಂದದ್ದನ್ನು ಅದು ಹೇಳುತ್ತದೆ. ಈ ತೇದಿಗಳು ಬಂದದ್ದು ಅರಸರ ಆಳ್ವಿಕೆ ವರ್ಷದಿಂದ. ಯುರೇನಿಯಂ ಅಳೆದವರಿಗೆ ಅದರಲ್ಲಿ ಪಾಲಿಲ್ಲ. ಸ್ಟ್ಯಾಲಗ್ಮೈಟಿನ ತೇದಿ ಬಂದದ್ದು ಕ್ಷಯದ ಲೆಕ್ಕದಿಂದ. ಅದಕ್ಕೆ ಅರಸರ ಹೆಸರು ಗೊತ್ತಿಲ್ಲ. ನನ್ನ ಕೆರೆ ಶಾಸನಕ್ಕೆ ಇಲ್ಲದೆ ಹೋದದ್ದು ಇದೇ.

ಇನ್ನೊಂದು ವಿಷಯವನ್ನೂ ಗಮನಿಸಿ. ಬರಹ ಮತ್ತು ಕಲ್ಲು ಒಂದೇ ಗುಹೆಯವು. ಒಂದು ಊರಿನ ಬರಗಾಲಕ್ಕೆ ಇನ್ನೆಲ್ಲಿನದೋ ಗ್ರಾಫ್ ಇಟ್ಟಾಗ 'ಅಲ್ಲಿ ಮಳೆ ಹೋದರೆ ಇಲ್ಲೂ ಹೋಗಿತ್ತೇ?' ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಆ ಪ್ರಶ್ನೆಯೇ ಇಲ್ಲ. ಕಾಲವೂ ಪ್ರತ್ಯೇಕವಾಗಿ ಸಿದ್ಧ, ಜಾಗವೂ ಒಂದೇ.

ಹೋಲಿಸಿದಾಗ ಬರಹಗಳು ಹೇಳುವ ಬರಗಾಲಗಳು ಕಲ್ಲಿನ ಗೆರೆಯಲ್ಲಿ ಒಣ ದಿಕ್ಕಿನ ಏರುಗಳೊಂದಿಗೆ ಹೊಂದಿಕೊಂಡವು. ಹೀಗೆ ಆಕ್ಸಿಜನ್-18ನ್ನು ಬರದ ಸೂಚಕವೆಂದು ಓದುವುದಕ್ಕೆ ಮನುಷ್ಯರ ಕೈಬರಹದ ಸಾಕ್ಷಿ ಸಿಕ್ಕಿತು. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಅವರ ಇನ್ನೊಂದು ತೀರ್ಮಾನ. ದೊಡ್ಡ ಬರಗಳಷ್ಟೇ ಅಲ್ಲ, ಒಟ್ಟಾರೆ ಮಳೆ ಚೆನ್ನಾಗಿದ್ದ ಕಾಲದ ನಡುವೆ ಬಂದ ಸಾಧಾರಣ ಬರಗಳೂ ಸಮಾಜದಲ್ಲಿ ದೊಡ್ಡ ಬಿಕ್ಕಟ್ಟು ತಂದಿದ್ದವು. ಇದನ್ನು ಕಲ್ಲೊಂದೇ ಹೇಳಲಾರದು, ಅದರ ಗೆರೆಯಲ್ಲಿ ಅದು ಸಣ್ಣ ಏರು ಅಷ್ಟೇ. ಬರಹವೂ ಒಂದೇ ಹೇಳಲಾರದು. ಹಸಿದವನಿಗೆ ತನ್ನ ಬರ ಸಾಧಾರಣದ್ದೋ ದೊಡ್ಡದೋ ಎಂದು ತಿಳಿಯುವುದು ಹೇಗೆ? ಒಳ್ಳೆಯ ಮಳೆಗೆ ಒಗ್ಗಿಕೊಂಡು ಬಿತ್ತನೆ, ಜನಸಂಖ್ಯೆ, ಕಂದಾಯ ಎಲ್ಲ ಹಿಗ್ಗಿದ ಮೇಲೆ ಸಣ್ಣ ಕೊರತೆಯೂ ಹೊಡೆತ ಕೊಡುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಹೊಂದಿಕೆ ಅಂದರೆ ಎಷ್ಟು ಹೊಂದಿಕೆ?

'ಹೊಂದಿಕೊಂಡಿತು' ಎಂಬ ಮಾತಿನ ಬೆಲೆ ± ಅಂಕಿಯ ಮೇಲೆ ನಿಂತಿದೆ. ಒಂದು ಕಾಲ್ಪನಿಕ ಲೆಕ್ಕ ಮಾಡಿ ತೋರಿಸ್ತೇನೆ. (ಇದು ದಾಯುವಿನ ಅಂಕಿಗಳಲ್ಲ, ತತ್ವ ತಿಳಿಯಲಿಕ್ಕೆ ಮಾತ್ರ.) ಒಂದು ಗ್ರಾಫಿನಲ್ಲಿ ಸರಾಸರಿ 30 ವರ್ಷಕ್ಕೊಂದು ಒಣ ಏರು ಇದೆ ಎನ್ನಿ. ಅದರ ತೇದಿಯ ದೋಷ ±10 ವರ್ಷ. ಆಗ ಪ್ರತಿ ಏರು 20 ವರ್ಷ ಅಗಲದ ಬಲೆ. 30 ವರ್ಷದಲ್ಲಿ 20 ವರ್ಷ ಬಲೆಯೊಳಗೇ ಇದೆ. ಕಣ್ಣುಮುಚ್ಚಿ ಯಾವ ವರ್ಷ ಎಸೆದರೂ ಮೂರರಲ್ಲಿ ಎರಡು ಸಲ 'ಹೊಂದಿಕೊಳ್ಳುತ್ತದೆ'. ಒಂದು ಶಾಸನ ಹೊಂದಿತು ಅಂದರೆ ಏನೂ ಸಿದ್ಧವಾಗಲಿಲ್ಲ. ಆರು ಪ್ರತ್ಯೇಕ ಶಾಸನಗಳು ಹೊಂದಿದರೂ, ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ನೂರಕ್ಕೆ ಸುಮಾರು 9.

ಈಗ ದೋಷವನ್ನು ±3ಕ್ಕೆ ಇಳಿಸಿ. ಬಲೆ 6 ವರ್ಷ, ಐದರಲ್ಲಿ ಒಂದು ಪಾಲು. ಆರೂ ಶಾಸನ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ ಸುಮಾರು 15,600ಕ್ಕೆ ಒಂದು. ಶಾಸನ ಅವೇ, ಗ್ರಾಫಿನ ಏರುಗಳೂ ಅವೇ. ಬದಲಾದದ್ದು ± ಮಾತ್ರ. (ದಾಯುವಿನಲ್ಲಿ ಏಳು ಇದ್ದರೂ ಆರು ಹಿಡಿದದ್ದು ಯಾಕೆಂದರೆ 1891 ಮತ್ತು 1894 ಪಕ್ಕಪಕ್ಕದವು. ಅವನ್ನು ಎರಡು ಸ್ವತಂತ್ರ ಸಾಕ್ಷಿ ಎಂದು ಎಣಿಸುವುದು ನ್ಯಾಯವಲ್ಲ.)

ನಮ್ಮ ನೆಲಕ್ಕೆ ಬಂದರೆ

ದಂಡಕ್ ಗುಹೆ ಬಸ್ತರಿನ ಕಾಂಗೇರ್ ಕಣಿವೆಯಲ್ಲಿದೆ. ಆಶಿಶ್ ಸಿನ್ಹಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅದರ ದಾಖಲೆ ಸುಮಾರು ಕ್ರಿ.ಶ. 600ರಿಂದ 1500ರವರೆಗಿನದು. ಬಾದಾಮಿ ಚಾಲುಕ್ಯರಿಂದ ವಿಜಯನಗರದವರೆಗೆ ಅಂದುಕೊಳ್ಳಿ! ಶಾಸನದವರಿಗೆ ಇದಕ್ಕಿಂತ ದೊಡ್ಡ ಆಮಿಷ ಇನ್ನೇನು ಬೇಕು. ಉದಾಹರಣೆಗೆ ಕಡಪ ಜಿಲ್ಲೆಯ ಪೋರುಮಾಮಿಳ್ಳ ಶಾಸನ. ಶಕ 1291, ಅಂದ್ರೆ ಕ್ರಿ.ಶ. 1369. ಒಂದನೆಯ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಬಗ್ಗೆ. ತೇದಿ ಗಟ್ಟಿ. ದಂಡಕ್ ಗ್ರಾಫಿನಲ್ಲಿ ಮುಂಗಾರು ಸೋತ ಶತಮಾನವೂ ಅದೇ. 'ಬರ ಬಂತು, ಅದಕ್ಕೇ ಕೆರೆ ಕಟ್ಟಿದರು' ಎಂದು ಬರೆಯಲು ಕೈ ತುರಿಸುತ್ತದೆ.

ಆದರೆ ಶಾಸನ ಏನು ಹೇಳುತ್ತದೆ? ಜಲದಾನದ ಪುಣ್ಯ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಆಗಬಾರದ ಆರು ದೋಷಗಳು, ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ. ಅದು ಕೆರೆ ಕಟ್ಟುವ ವಿದ್ಯೆಯ ದಾಖಲೆ. ರಾಜ್ಯ ಗಟ್ಟಿಯಾಗುತ್ತಿದ್ದಾಗಲೂ, ಹೊಸ ನೆಲ ಸಾಗುವಳಿಗೆ ಬರುತ್ತಿದ್ದಾಗಲೂ ಕೆರೆ ಕಟ್ಟುತ್ತಾರೆ. ದಾಯು ಬರಹ 'ಬರ' ಎಂದು ಬಾಯಿಬಿಟ್ಟು ಹೇಳುತ್ತದೆ. ಕೆರೆ ಶಾಸನಗಳಲ್ಲಿ ಆ ಮಾತು ಇದೆಯೇ ಎಂದು ನಾವು ಮೊದಲು ನೋಡಬೇಕು. ಬಸ್ತರಿನ ಮಳೆ, ಕಡಪದ ಮಳೆ ಒಂದೇ ಅಲ್ಲ ಎಂಬ ತಕರಾರೂ ಹಾಗೇ ನಿಂತಿರುತ್ತದೆ.

ಕರ್ನಾಟಕದ್ದೇ ಒಂದು ದಾಖಲೆಯೂ ಇದೆ. ಉತ್ತರ ಕನ್ನಡದ ಅಕಳಗವಿಯ ಸ್ಟ್ಯಾಲಗ್ಮೈಟಿನಿಂದ 331 ವರ್ಷಗಳ ಮಳೆಯ ಏರಿಳಿತವನ್ನು ಯಾದವ, ರಮೇಶ್ ಮತ್ತು ಪಂತ್ 2004ರಲ್ಲಿ ಪ್ರಕಟಿಸಿದರು. ಅದು 17ನೆಯ ಶತಮಾನದ ಉತ್ತರಾರ್ಧದಿಂದ 20ನೆಯ ಶತಮಾನದ ಕೊನೆಯವರೆಗೆ ಬರುತ್ತದೆ. ಕೆಳದಿ ಅರಸರ ಕಡತಗಳು, ಮಠಗಳ ದಾಖಲೆಗಳು, ಕೈಫಿಯತ್ತುಗಳು, ಕಂಪನಿ ಸರಕಾರದ ವರದಿಗಳು ಎಲ್ಲ ಈ ಅವಧಿಗೆ ಸೇರುತ್ತವೆ. 1876ರಿಂದ 78ರ ಮಹಾಬರವೂ ಈ ಅವಧಿಯಲ್ಲಿದೆ. ನಮ್ಮ ಹಿರಿಯರು ಅದನ್ನು ಕ್ರಿಸ್ತಶಕದಲ್ಲಿ ನೆನಪಿಡಲಿಲ್ಲ, ಧಾತು-ಈಶ್ವರ ಸಂವತ್ಸರದ ಬರ ಎಂದರು. ಹೆಸರೇ ತೇದಿ. ಆದರೆ ಧಾತು 60 ವರ್ಷಕ್ಕೊಮ್ಮೆ ಬರುತ್ತದೆ: 1816, 1876, 1936, 1996. ಬೇರೆ ಆಧಾರವಿಲ್ಲದೆ ಒಂದು ಕಡತದಲ್ಲಿ 'ಧಾತು ಸಂವತ್ಸರದ ಬರ' ಎಂದಷ್ಟೇ ಇದ್ದರೆ, ಯಾವ ಧಾತು ಎಂದು ಗ್ರಾಫ್ ನೋಡಿ ಆರಿಸುವುದು ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ. ಮತ್ತೊಂದು ಎಚ್ಚರಿಕೆ: ಧಾತು-ಈಶ್ವರ ಬರ ಹೆಚ್ಚು ಕಾಡಿದ್ದು ಬಯಲುಸೀಮೆಯನ್ನು, ಅಕಳಗವಿ ಇರುವುದು ಘಟ್ಟದ ಮಳೆಯಲ್ಲಿ.

ನಾನು ಈಗ ಇಟ್ಟುಕೊಂಡಿರುವ ನಿಯಮ

ಮಳೆ ಗ್ರಾಫಿನ ಪಕ್ಕ ಶಾಸನ ಇಡುವ ಮುಂಚೆ ಐದು ಪ್ರಶ್ನೆ ಬರೆದುಕೊಳ್ಳುತ್ತೇನೆ.

1. ಶಾಸನದ ತೇದಿ ಶಾಸನದಿಂದಲೇ ಬಂದಿದೆಯೇ? ಲಿಪಿಯಿಂದ ಬಂದಿದ್ದರೆ ಅದರ ± ಎಷ್ಟು? (50 ವರ್ಷಕ್ಕಿಂತ ಕಡಿಮೆ ಹೇಳುವಾಗ ನನಗೆ ಕೈ ನಡುಗುತ್ತದೆ.)

2. ಗ್ರಾಫಿನಲ್ಲಿ ಆ ಶತಮಾನದೊಳಗೆ ಎಷ್ಟು ಕಡೆ ಯುರೇನಿಯಂ ತೇದಿ ಮಾಡಿದ್ದಾರೆ? ಅವುಗಳ ± ಎಷ್ಟು? 'ಇಂದು' ಎಂದರೆ ಯಾವ ವರ್ಷ?

3. ಶಾಸನ ಬರ ಎಂದು ಹೇಳುತ್ತದೆಯೇ, ಅಥವಾ ನಾನು ಹೇಳಿಸುತ್ತಿದ್ದೇನೆಯೇ?

4. ಗುಹೆಗೂ ಶಾಸನದ ಊರಿಗೂ ಒಂದೇ ಮಳೆಯೇ?

5. ಹೊಂದಿಕೊಳ್ಳದ ಶಾಸನಗಳು ಸಿಕ್ಕರೆ ಅವನ್ನೂ ಪಟ್ಟಿಯಲ್ಲಿ ಬರೆಯುತ್ತೇನೆಯೇ?

ಐದನೆಯದು ಎಲ್ಲಕ್ಕಿಂತ ಕಷ್ಟ. ಹೊಂದಿದ್ದನ್ನು ಮಾತ್ರ ಹೇಳಿ ಹೊಂದದ್ದನ್ನು ಬಿಟ್ಟರೆ ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಓದುಗರಲ್ಲಿ ಕ್ಷೇತ್ರಕಾರ್ಯ ಮಾಡುವವರು ಬಹಳ ಮಂದಿ ಇದ್ದೀರಿ. ಎರಡು ಕೋರಿಕೆ. ಬರ, ಕ್ಷಾಮ, ಮಳೆಯಿಲ್ಲದೆ ಊರು ಬಿಟ್ಟದ್ದು, ಕಂದಾಯ ಬಿಟ್ಟುಕೊಟ್ಟದ್ದು, ಕೆರೆ ಒಡೆದದ್ದು, ಇಂಥ ನೇರ ಮಾತುಳ್ಳ ಮತ್ತು ತೇದಿಯುಳ್ಳ ಶಾಸನ ಯಾವುದಾದರೂ ಕಂಡಿದ್ದರೆ ಸಂಪುಟ ಮತ್ತು ಸಂಖ್ಯೆಯ ಜೊತೆ ಗುರುತು ಮಾಡಿ ಇಡಿ. ಗ್ರಾಫಿನ ಕಡೆ ನೋಡದೆ ಪಟ್ಟಿ ಮೊದಲು ಸಿದ್ಧವಾಗಲಿ, ಹೋಲಿಕೆ ಆಮೇಲೆ. ಎರಡನೆಯದು, ಸುಣ್ಣಕಲ್ಲಿನ ಗವಿಗೆ ಹೋದಾಗ ಸ್ಟ್ಯಾಲಗ್ಮೈಟನ್ನು ಮುಟ್ಟಬೇಡಿ, ತುದಿ ಮುರಿದು ತರುವವರನ್ನು ತಡೆಯಿರಿ. ಕೈಯ ಎಣ್ಣೆ ಅಂಟಿದರೂ ಹೊಸ ಪದರ ಕೂರುವುದು ಕೆಡುತ್ತದೆ. ನಿಧಿ ಆಸೆಗೆ ಒಡೆದ ಶಾಸನದ ತೇದಿ ಸಾಲು ಹೇಗೆ ಮತ್ತೆ ಸಿಗುವುದಿಲ್ಲವೋ, ಮುರಿದು ಮನೆಗೆ ತಂದ ತುದಿಯಲ್ಲಿದ್ದ ಇನ್ನೂರು ವರ್ಷದ ಮಳೆಯ ಲೆಕ್ಕವೂ ಮತ್ತೆ ಸಿಗುವುದಿಲ್ಲ.

ನನ್ನ ಕೆರೆ ಶಾಸನದ ಪಡಿಯಚ್ಚು ಇನ್ನೂ ಕಪಾಟಿನಲ್ಲಿದೆ. ಮೇಲೆ ಪೆನ್ಸಿಲಿನಲ್ಲಿ 'ಸು. 14ನೆಯ ಶ., ಕೆರೆ ಒಡೆದ ಉಲ್ಲೇಖ' ಎಂದಿದೆ, ಅಷ್ಟೇ.